ವಿಳಾಸವಿಲ್ಲದ ಚೀಲ

ನದಿಗಿಳಿಯುವಾಗ ಎದೆಯವರೆಗೆ ತೊಡುವ ನೀರುಚಲ್ಲಣವನ್ನು ಪಾದದಿಂದ ಮೇಲಕ್ಕೆ ಸುತ್ತಬೇಕು. ಇದು ಗೊತ್ತಿಲ್ಲದೆಯೇ ಮೀನಿಗೆ ಹೊರಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಎದೆಯ ಕಡೆಯಿಂದ ಸುತ್ತಿಕೊಂಡು ಬಂದರೆ ಒಳಗಿನ ಗಾಳಿಯೆಲ್ಲ ಕಾಲುಗಳಲ್ಲಿ ಸಿಕ್ಕಿಬಿದ್ದು, ಚೀಲದೊಳಗೆ ಒಂದು ಹಂದಿಮರಿ ತುರುಕಿದ ಹಾಗೆ ಉಬ್ಬಿ ಕೂರುತ್ತದೆ. ಪಾದದಿಂದ ಸುತ್ತಿದರೆ ಗಾಳಿ ಎದೆಯ ಬಾಯಿಂದ ತಾನಾಗಿ ಹೊರಟುಹೋಗುತ್ತದೆ. ಸುತ್ತುವ ಮೊದಲು ಒಳಮೈ ಹೊರಮೈ ಎರಡೂ ಒಣಗಿರಬೇಕು. ಬೂಟಿನ ಅಡಿಯ ಮೊಳೆಗಳು ಬಟ್ಟೆಗೆ ತಾಕಬಾರದು. ಬೂಟುಗಳನ್ನು ತಲೆಕೆಳಗಾಗಿ, ಅಡಿಯಲ್ಲಿ ತೂತಿರುವ ಮೀನಿನ ಪೆಟ್ಟಿಗೆಯಲ್ಲಿಟ್ಟು, ಒಳಗೆ ಹಳೆಯ ಪತ್ರಿಕೆ ತುಂಬಬೇಕು. ಭಾರವಾದದ್ದು ಕೆಳಗೆ, ಚಕ್ರದ ಮೇಲಕ್ಕೆ ಬರುವಂತೆ.

ನಾನು ಮೂವತ್ತೆರಡು ವರ್ಷ ಹಾಮಾರ್‌ನಲ್ಲಿ ಅಂಚೆ ವ್ಯಾನು ಓಡಿಸಿದವನು. ಸಾಮಾನು ಜೋಡಿಸುವುದರಲ್ಲಿ ನನ್ನನ್ನು ಮೀರಿಸಿದವರನ್ನು ನಾನಂತೂ ನೋಡಿಲ್ಲ, ನೋಡಿದ್ದರೂ ಒಪ್ಪಿಕೊಳ್ಳುತ್ತಿರಲಿಲ್ಲ. ಅದಕ್ಕೇ ಹತ್ತೊಂಬತ್ತು ವರ್ಷದಿಂದ ಐಲಿಫ್‌ನ ಚೀಲವನ್ನೂ ನಾನೇ ಕಟ್ಟುತ್ತಿದ್ದೆ. ಐಲಿಫ್ ನಮ್ಮೂರ ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದ ಮೇಷ್ಟ್ರು, ನನಗಿಂತ ಐದು ವರ್ಷಕ್ಕೆ ದೊಡ್ಡವನು, ಈಗ ಎಪ್ಪತ್ತೊಂದು. ಜುಲೈ ಮೊದಲ ಶನಿವಾರ ಸಂಜೆ ಆರರಿಂದ ಮಂಗಳವಾರ ಸಂಜೆ ಆರರವರೆಗೆ, ಸ್ಕೌರಾ ನದಿಯ ಸೇತುವೆ ಮಡುವಿನಲ್ಲಿ ಗಾಳ ಹಾಕುವ ಹಕ್ಕು ನಮ್ಮಿಬ್ಬರದು. ಆ ಮೂರು ದಿನಕ್ಕಾಗಿ ನಾನು ಉಳಿದ ಮುನ್ನೂರ ಅರವತ್ತೆರಡು ದಿನ ತಳ್ಳುತ್ತೇನೆ ಎಂದು ನನ್ನ ಹೆಂಡತಿ ಆಸ್ಲೌಗ್ ಹೇಳುತ್ತಾಳೆ. ನಾನು ಐಲಿಫ್‌ನನ್ನೇ ಮದುವೆಯಾಗಬೇಕಿತ್ತು, ಆಗ ಅವಳಿಗೂ ಒಬ್ಬ ಒಳ್ಳೆಯ ಗಂಡ ಸಿಗುತ್ತಿದ್ದ ಎಂದೂ ಹೇಳುತ್ತಾಳೆ.

ಆ ಕಣಿವೆಯ ಪದ್ಧತಿಯಂತೆ ವಯಸ್ಸಿನಲ್ಲಿ ದೊಡ್ಡವನು ಮೊದಲು ನೀರಿಗಿಳಿಯಬೇಕು. ಐಲಿಫ್ ಇಳಿಯುತ್ತಾನೆ, ನಾನು ಅವನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಹಿಡಿಬಲೆ ಹಿಡಿದು ನಿಲ್ಲುತ್ತೇನೆ. ಸಾಲ್ಮನ್ ಸಿಕ್ಕಿ ದಣಿದು ಬಂದಾಗ ಅವನು ತಿರುಗಿ ನೋಡುವುದಿಲ್ಲ, ಕೂಗುವುದೂ ಇಲ್ಲ. ಎಡಗೈಯನ್ನು ಸುಮ್ಮನೆ ಹಿಂದಕ್ಕೆ ಚಾಚುತ್ತಾನೆ. ಬಲೆಯ ಹಿಡಿ ಆ ಕೈಗೆ ಬರುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಅವನು ತಿರುಗಿ ನೋಡಿದ್ದಿಲ್ಲ. ನನ್ನ ಬದುಕಿನಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದು ಎಂದು ನಾನು ಯಾರ ಹತ್ತಿರವೂ ಹೇಳಿಕೊಂಡಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಐಲಿಫ್ ಫೋನು ಮಾಡಿ, ಮಡುವಿಗೆ ಮೂರನೆಯವನೊಬ್ಬ ಬರುತ್ತಾನೆ ಎಂದ. ಯೋಸ್ಟೈನ್ ಅಂತೆ. ಹೋದ ಶರತ್ಕಾಲದಲ್ಲಿ ಅವನ ಪಕ್ಕದ ಮನೆಗೆ ಬಂದವನಂತೆ, ಹಲ್ಲಿನ ಡಾಕ್ಟರಂತೆ, ಒಳ್ಳೆಯವನಂತೆ. ಮೀನು ಹಿಡಿದು ಗೊತ್ತಾ ಎಂದು ಕೇಳಿದೆ. ಕಲೀತಾನೆ ಎಂದ.

ಹೊಟ್ಟೆಕಿಚ್ಚು ಎನ್ನುವುದನ್ನು ನಾನು ಅಲ್ಲಿಯವರೆಗೆ ಬೇರೆಯವರ ರೋಗ ಅಂದುಕೊಂಡಿದ್ದೆ. ಮೇ ತಿಂಗಳಲ್ಲಿ ಐಲಿಫ್‌ನ ಮನೆಗೆ ಹೋದರೆ ಯೋಸ್ಟೈನ್ ಅಡುಗೆಮನೆಯಲ್ಲಿ ನನ್ನ ಕುರ್ಚಿಯಲ್ಲಿ ಕೂತು ವಾಫಲ್ ಮಾಡುವ ಕಬ್ಬಿಣದ ಅಚ್ಚಿಗೆ ಹಿಟ್ಟು ಹುಯ್ಯುತ್ತಿದ್ದ. ಎತ್ತರದ ಆಳು, ಅಗಲ ಬೆನ್ನು, ಅರವತ್ತಾದರೂ ಬಾಯಿ ತುಂಬ ಅವನದೇ ಹಲ್ಲು. ನಾನು ಬಂದದ್ದಕ್ಕೆ ತುಂಬ ಸಂತೋಷ ಎಂದು ಅವನು ನನಗೆ ಹೇಳಿದ. ಐಲಿಫ್‌ನ ಮನೆಗೆ ನಾನು ಬಂದದ್ದಕ್ಕೆ ಅವನಿಗೆ ಸಂತೋಷವಂತೆ. ನಾನು ಆ ವಾಫಲ್ ಮೇಲೆ ಕಂದು ಚೀಸು ಇಟ್ಟುಕೊಂಡು ಎರಡು ತಿಂದೆ. ಐಲಿಫ್ ಕೂತಲ್ಲಿಂದ ಏಳಲೇ ಇಲ್ಲ. ಕಾಫಿ, ಸಕ್ಕರೆ, ಚಮಚ ಎಲ್ಲವನ್ನೂ ಯೋಸ್ಟೈನ್ ತಂದುಕೊಟ್ಟ. ಪಕ್ಕದ ಮನೆಯವನಿಗೆ ಈ ಮನೆಯ ಯಜಮಾನನ ಗತ್ತು ನೋಡು ಎಂದು ದಾರಿಯುದ್ದಕ್ಕೂ ಗೊಣಗಿಕೊಂಡು ಮನೆಗೆ ಬಂದೆ.

ಹೊರಡುವ ಮುಂಚಿನ ಗುರುವಾರ ಐಲಿಫ್ ಮತ್ತೆ ಫೋನು ಮಾಡಿದ. ಅಷ್ಟು ದೂರ ಕಾರಿನಲ್ಲಿ ಕೂತರೆ ಬೆನ್ನು ಹಿಡಿಯುತ್ತದಂತೆ, ಆದ್ದರಿಂದ ಅವನೂ ಯೋಸ್ಟೈನೂ ಶುಕ್ರವಾರವೇ ರೈಲಿನಲ್ಲಿ ಒಪ್ದಾಲ್‌ಗೆ ಹೋಗಿ, ಅಲ್ಲಿ ಒಂದು ರಾತ್ರಿ ತಂಗಿ, ಶನಿವಾರ ಟ್ಯಾಕ್ಸಿಯಲ್ಲಿ ನದಿಗೆ ಬರುತ್ತಾರಂತೆ.

"ಸಾಮಾನೆಲ್ಲ ನೀನು ಕಾರಲ್ಲಿ ತಂದ್ಬಿಡು, ಟೋರ್ಗ್ರಿಮ್," ಎಂದ. "ಗ್ಯಾರೇಜಲ್ಲಿ ಎರಡು ಚೀಲ ಇಟ್ಟಿದ್ದೀವಿ. ನಂದೊಂದು, ಯೋಸ್ಟೈನ್‌ದೊಂದು. ಬೀಗದ ಕೈ ಎಲ್ಲಿರತ್ತೆ ಅಂತ ನಿಂಗೊತ್ತಲ್ಲ. ಔಷಧಿ ನೀರು, ಚೀಟಿ, ಎಲ್ಲಾ ನೀನೇ ನೋಡ್ಕೊ. ನೀನು ನೋಡ್ಕೊಂಡ್ರೆ ನಂಗೆ ಚಿಂತೆ ಇಲ್ಲ."

ಹತ್ತೊಂಬತ್ತು ವರ್ಷ ನಾವಿಬ್ಬರೂ ದೋವ್ರೆ ಬೆಟ್ಟವನ್ನು ಒಂದೇ ಕಾರಿನಲ್ಲಿ ಹತ್ತಿ ಇಳಿದಿದ್ದೆವು. ಮೇಲೆ ಗಾಳಿಯಲ್ಲಿ ನಿಂತು ಥರ್ಮಾಸಿನ ಕಾಫಿ ಕುಡಿದು, ಕಾಡೆತ್ತು ಕಂಡಿತೇ ಎಂದು ಹುಡುಕಿ, ಕಾಣದಿದ್ದರೂ ಕಂಡಿತು ಎಂದು ಐಲಿಫ್ ಸುಳ್ಳು ಹೇಳಿ, ನಾನು ನಂಬಿದ ಹಾಗೆ ಮಾಡಿ ಮುಂದಕ್ಕೆ ಹೋಗುತ್ತಿದ್ದೆವು. ಈಗ ಅವನಿಗೆ ರೈಲು, ಹೋಟೆಲು, ಹಲ್ಲಿನ ಡಾಕ್ಟರು. ನನಗೆ ಎರಡು ಚೀಲ.

ಶನಿವಾರ ಬೆಳಗ್ಗೆ ಗ್ಯಾರೇಜಿಗೆ ಹೋದೆ. ಗೋಡೆಯ ಹತ್ತಿರ ಎರಡು ಚೀಲ. ಒಂದು ಐಲಿಫ್‌ನ ಹಳೆಯ ಕ್ಯಾನ್ವಾಸು ಚೀಲ, ಅದರ ಹಿಡಿಕೆಯನ್ನು ಹೊಲಿದದ್ದೇ ನಾನು. ಇನ್ನೊಂದು ಬೂದು ಬಣ್ಣದ ಹೊಸ ಚೀಲ, ಮೈಯೆಲ್ಲ ಜಿಪ್ಪು, ಪಕ್ಕದಲ್ಲಿ ಗಾಳಿಯಾಡಲು ಜಾಲರಿ. ಯಾವುದರ ಮೇಲೂ ಹೆಸರಿರಲಿಲ್ಲ. ವಿಳಾಸವಿಲ್ಲದ ಪೊಟ್ಟಣವನ್ನು ನಾನು ಕೆಲಸದಲ್ಲಿದ್ದಷ್ಟು ದಿನ ವ್ಯಾನಿಗೆ ಹತ್ತಿಸಿದವನಲ್ಲ. ಆದರೆ ಇದರಲ್ಲಿ ಕೇಳುವುದೇನಿದೆ? ಹಳೆಯದು ನಮ್ಮವನದು, ಹೊಸದು ಅವನದು.

ನಾನು ಎರಡನ್ನೂ ಬಿಚ್ಚಿದೆ. ಬಿಚ್ಚಬೇಕಾಗಿಯೇ ಇರಲಿಲ್ಲ, ಆದರೆ ಇನ್ನೊಬ್ಬರು ಕಟ್ಟಿದ ಚೀಲವನ್ನು ಹಾಗೇ ಒಯ್ಯುವುದು ನನ್ನಿಂದಾಗದು. ಬೂದು ಚೀಲದೊಳಗಿನ ನೀರುಚಲ್ಲಣವನ್ನು ಎದೆಯಿಂದ ಕೆಳಕ್ಕೆ ಸುತ್ತಿದ್ದರು. ಅಷ್ಟೇ ಅಲ್ಲ, ಅದು ಒದ್ದೆಯಾಗಿತ್ತು. ಬೂಟುಗಳೂ ಒದ್ದೆ. ಹೊಸ ಬೂಟು, ಅಡಿಯಲ್ಲಿ ಮೊಳೆಗಳ ನಡುವೆ ಮರಳು. ಕೆಂಪು ಮರಳು, ನಮ್ಮೂರ ಗಿರಣಿ ಹೊಳೆಯದು. ಆಮೇಲೆ ಐಲಿಫ್‌ನ ಹಳೆಯ ಬೂಟುಗಳನ್ನು ಎತ್ತಿ ನೋಡಿದೆ. ಎರಡು ಚಳಿಗಾಲದ ಹಿಂದೆ ಅವುಗಳಿಗೆ ಹೊಸ ಅಡಿ ಹಾಕಿ, ಇಪ್ಪತ್ತೆಂಟು ಮೊಳೆ ಹೊಡೆದುಕೊಟ್ಟವನು ನಾನೇ. ಅಲ್ಲಿಯೂ ಅದೇ ಕೆಂಪು ಮರಳು, ಅದೇ ತೇವ.

ಇಬ್ಬರೂ ಹೊಳೆಗೆ ಹೋಗಿದ್ದರು. ಈ ವಾರವೇ ಹೋಗಿದ್ದರು. ನನಗೆ ಒಂದು ಮಾತು ಹೇಳದೆ.

ಗ್ಯಾರೇಜಿನ ನೆಲದ ಮೇಲೆ ಆ ಬೂಟು ಹಿಡಿದು ಕೂತವನಿಗೆ ಮೈಯೆಲ್ಲ ಉರಿ ಹತ್ತಿಕೊಂಡಿತು. ಅರವತ್ತಾರು ವರ್ಷದ ಗಂಡಸು, ಮೂರು ಮೊಮ್ಮಕ್ಕಳ ಅಜ್ಜ, ಮರಳು ನೋಡಿ ಅಳುವಂತಾಗಿದ್ದೆ. ಹೊಸ ಬೂಟುಗಳನ್ನು ಅಳತೆ ನೋಡಿದರೆ ಎಡಗಾಲಿನದು ಬಲಗಾಲಿನದಕ್ಕಿಂತ ಎರಡು ನಂಬರು ದೊಡ್ಡದಿತ್ತು. ಅಂಗಡಿಯವನು ಡಾಕ್ಟರಿಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ ಎಂದುಕೊಂಡೆ. ಆ ಬೆಳಗ್ಗೆ ನನಗೆ ಸಿಕ್ಕ ಒಂದೇ ಸಂತೋಷ ಅದು. ಐಲಿಫ್‌ನ ಚಲ್ಲಣವನ್ನು ಒರೆಸಿ, ಪಾದದಿಂದ ಮೇಲಕ್ಕೆ ಸುತ್ತಿ, ಬೂಟಿಗೆ ಪತ್ರಿಕೆ ತುಂಬಿ ಕಟ್ಟಿದೆ. ಬೂದು ಚೀಲದ್ದನ್ನು ಹೇಗಿತ್ತೋ ಹಾಗೆ ತುರುಕಿ ಜಿಪ್ಪು ಎಳೆದೆ.

ದೋವ್ರೆಯ ಮೇಲೆ ಗಾಡಿ ನಿಲ್ಲಿಸಲಿಲ್ಲ. ಕಾಫಿ ಕುಡಿಯಲಿಲ್ಲ. ರಸ್ತೆಯ ಪಕ್ಕದಲ್ಲೇ ಒಂದು ಕಾಡೆತ್ತು ನಿಂತಿತ್ತು, ನಿಜವಾದ್ದು, ಕಂಬಳಿ ಹೊದ್ದ ಮುದುಕನ ಹಾಗೆ. ಹತ್ತೊಂಬತ್ತು ವರ್ಷ ಹುಡುಕಿದ್ದು ಅದನ್ನೇ. ಹೇಳಲು ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಎತ್ತಿನ ಮೇಲೂ ಸಿಟ್ಟು ಬಂತು.

ಸ್ಕೌರಾಕ್ಕೆ ಇಳಿಯುವ ದಾರಿಯಲ್ಲಿ, ಪೆಟ್ರೋಲು ಪಂಪಿನ ಹಿಂದೆ, ಔಷಧಿ ತೊಟ್ಟಿ ಇದೆ. ಬೇರೆ ನೀರಿನಲ್ಲಿ ನೆನೆದ ಬೂಟು, ಚಲ್ಲಣ, ಬಲೆ ಯಾವುದನ್ನೂ ಅಲ್ಲಿ ಅದ್ದಿಸದೆ ಈ ನದಿಗೆ ತರುವಂತಿಲ್ಲ. ಅದ್ದಿದ ಮೇಲೆ ಗುನ್ವೋರ್ ಎಂಬ ನದಿ ಕಾವಲಿನ ಹೆಂಗಸು ಯಜಮಾನನ ಹೆಸರು ಬರೆದು ಸಹಿ ಹಾಕಿ, ಚೀಟಿಯನ್ನು ಬೂಟಿಗೆ ಕಟ್ಟುತ್ತಾಳೆ. ಚೀಟಿ ಇಲ್ಲದವನು ಹಿಮ್ಮಡಿ ಕೂಡ ನೀರಿಗೆ ತಾಗಿಸುವ ಹಾಗಿಲ್ಲ. ಇದು ಬರೀ ಸರ್ಕಾರದ ಕಟ್ಟಳೆಯಲ್ಲ. ಒಂದು ಕಾಲದಲ್ಲಿ ಯಾರದೋ ಒದ್ದೆ ಬೂಟಿನಲ್ಲಿ ಕಣ್ಣಿಗೆ ಕಾಣದ ಹುಳ ಬಂದು ಇಡೀ ಸ್ಕೌರಾ ರೋಗಕ್ಕೆ ಬಿತ್ತು. ಹುಳ ಕೊಲ್ಲಲು ನದಿಗೇ ವಿಷ ಹಾಕಿ ಇದ್ದಬದ್ದ ಮೀನೆಲ್ಲ ಸಾಯಿಸಬೇಕಾಯಿತು. ಏಳು ವರ್ಷ ನದಿ ಖಾಲಿ ಹರಿಯಿತು. ಐಲಿಫ್‌ನ ತಾಯಿಯ ಊರು ಅದು. ಸತ್ತ ಮೀನುಗಳನ್ನು ಸಲಿಕೆಯಲ್ಲಿ ಎತ್ತಿ ಗಾಡಿಗೆ ಹಾಕಿದವರಲ್ಲಿ ಅವನೂ ಒಬ್ಬ.

ಗುನ್ವೋರ್ ನಾನು ಕೊಟ್ಟ ಎರಡು ಜೊತೆ ಅದ್ದಿದಳು. ಒಂದಕ್ಕೆ ನನ್ನ ಹೆಸರು ಬರೆದಳು, ಒಂದಕ್ಕೆ ಐಲಿಫ್‌ನದು. ಬೂದು ಚೀಲ ಡಿಕ್ಕಿಯ ಮೂಲೆಯಲ್ಲಿ ನನ್ನ ಮಳೆಯಂಗಿಯ ಕೆಳಗಿತ್ತು. ನಾನು ಅದನ್ನು ಅಲ್ಲಿಟ್ಟದ್ದು ಯಾವಾಗ ಎಂದು ಕೇಳಿದರೆ, ದೊಂಬಾಸ್ ಊರು ದಾಟಿದ ಮೇಲೆ, ಬೆಟ್ಟ ಹತ್ತುವ ಮುಂಚೆ, ಗಾಡಿ ನಿಲ್ಲಿಸಿ, ಯೋಚನೆ ಮಾಡಿಯೇ ಇಟ್ಟೆ.

"ಮೂರನೇದು ಇದೆಯಾ?" ಎಂದು ಅವಳು ಕೇಳಿದಳು. "ಪಟ್ಟಿಯಲ್ಲಿ ಮೂರು ಜನ ಅಂತಿದೆ. ನಾಲ್ಕು ಗಂಟೆಗೆ ತೊಟ್ಟಿ ಖಾಲಿ ಮಾಡ್ತೀನಿ, ಆಮೇಲೆ ಸೋಮವಾರವೇ."

ಎರಡೇ ಎಂದು ಹೇಳಿದೆ. ಗಂಟೆ ಎರಡೂವರೆ.

ನದಿಗೆ ಕೇಡು ಮಾಡುತ್ತಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಚೀಟಿ ಇಲ್ಲದೆ ಯೋಸ್ಟೈನ್ ಇಳಿಯುವುದಿಲ್ಲ, ಅಷ್ಟೇ. ಶನಿವಾರ ಸಂಜೆ, ಭಾನುವಾರ ಇಡೀ ದಿನ ಅವನು ದಡದ ಬೆಂಚಿನ ಮೇಲೆ ಕೂತು ತನ್ನ ಹಲ್ಲು ಎಣಿಸಲಿ. ನಾನು ಮತ್ತು ಐಲಿಫ್ ಮಾತ್ರ ನೀರಲ್ಲಿ ಇರುತ್ತೇವೆ, ಎಂದಿನ ಹಾಗೆ. ಮರೆತೆ ಎಂದರಾಯಿತು. ವಯಸ್ಸಾದವರು ಮರೆಯುತ್ತಾರೆ.

ಗುಡಿಸಲಿನ ಮುಂದೆ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಐಲಿಫ್ ಎದ್ದು ಬರಲಿಲ್ಲ, ಕೂತಲ್ಲಿಂದಲೇ ಕೈ ಎತ್ತಿದ. ಯೋಸ್ಟೈನ್ ಓಡಿಬಂದು ಪೆಟ್ಟಿಗೆಗಳನ್ನು ಇಳಿಸಿಕೊಂಡ, ದಾರಿ ಹೇಗಿತ್ತು, ಸೊಂಟ ನೋವು ಕೊಟ್ಟಿತೇ ಎಂದು ವಿಚಾರಿಸಿದ. ನನ್ನ ಸೊಂಟದ ವಿಷಯ ಐಲಿಫ್ ಅವನಿಗೆ ಹೇಳಿದ್ದಾನೆ ಎಂದು ತಿಳಿದು ಮತ್ತೆ ಉರಿಯಿತು. ಎರಡು ವರ್ಷದಿಂದ ನನ್ನ ಬಲಸೊಂಟ ಸವೆದಿದೆ, ಹರಿಯುವ ನೀರಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಲಾರೆ. ಅದು ನಮ್ಮಿಬ್ಬರ ಗುಟ್ಟಾಗಿತ್ತು.

ಕಾಫಿ ಆಯಿತು, ಒಪ್ದಾಲ್‌ನಿಂದ ತಂದ ಬನ್ನು ಆಯಿತು. ಐದೂವರೆಗೆ ಐಲಿಫ್ ಉಡುಪು ಹಾಕಿಕೊಳ್ಳೋಣ ಎಂದ. ನಾನು ಕ್ಯಾನ್ವಾಸು ಚೀಲವನ್ನು ಐಲಿಫ್‌ನ ಮುಂದೆ, ಬೂದು ಚೀಲವನ್ನು ಯೋಸ್ಟೈನ್‌ನ ಮುಂದೆ ಇಟ್ಟೆ. ನನ್ನ ಮುಖವನ್ನು ಮರೆತವನ ಮುಖದ ಹಾಗೆ ಮಾಡಿಕೊಳ್ಳಲು ತಯಾರಾಗಿ ನಿಂತೆ.

ಯೋಸ್ಟೈನ್ ಬಗ್ಗಿ ಎರಡು ಚೀಲಗಳನ್ನೂ ಅದಲುಬದಲು ಮಾಡಿದ. ಕ್ಯಾನ್ವಾಸು ಚೀಲದಿಂದ ಹಳೆಯ ಬೂಟುಗಳನ್ನು ತೆಗೆದು ತನ್ನ ಕಾಲಿಗೆ ಹಾಕಿಕೊಳ್ಳತೊಡಗಿದ. ಐಲಿಫ್ ಬೂದು ಚೀಲದ ಜಿಪ್ಪು ಎಳೆದ. ಆಮೇಲೆ ತನ್ನ ಎಡಗಾಲಿನ ಪ್ಯಾಂಟು ಮೇಲೆ ಸರಿಸಿದ. ಮೊಣಕಾಲಿನ ಕೆಳಗಿನಿಂದ ಅಂಗಾಲಿನವರೆಗೆ ಬಿಳಿಯ ಪ್ಲಾಸ್ಟಿಕ್ಕಿನ ಆಧಾರವೊಂದನ್ನು ಪಟ್ಟಿಗಳಿಂದ ಬಿಗಿದುಕೊಂಡಿದ್ದ.

ನಾನು ಏನು ನೋಡುತ್ತಿದ್ದೇನೆಂದು ಅವನಿಗೆ ಗೊತ್ತಾಯಿತು. ಹೇಳಬೇಕಾಗಿದ್ದನ್ನು ಚುಟುಕಾಗಿ ಹೇಳಿದ. ಮಾರ್ಚಿನಲ್ಲಿ ಮನೆಯ ಮುಂದಿನ ಮಂಜುಗಡ್ಡೆಯ ಮೇಲೆ ಬಿದ್ದದ್ದು, ಬೆನ್ನಿನ ನರ ಹಿಸುಕಿದ್ದು, ಅಂದಿನಿಂದ ಎಡಪಾದಕ್ಕೆ ನೆಲ ತಾಗುವುದೇ ತಿಳಿಯದ್ದು. ಆ ಆಧಾರ ಹಳೆಯ ಬೂಟಿನಲ್ಲಿ ಹಿಡಿಸುವುದಿಲ್ಲ, ಅದಕ್ಕೆ ಎಡಕ್ಕೆ ದೊಡ್ಡದಿರುವ ಹೊಸ ಜೊತೆ ಹೇಳಿ ಮಾಡಿಸಿದ್ದು. ನೀರಿನಲ್ಲಿ ಯಾರಾದರೂ ಹಿಂದಿನಿಂದ ನಡುಪಟ್ಟಿ ಹಿಡಿದುಕೊಂಡಿದ್ದರೆ ಮಾತ್ರ ಅವನು ನಿಲ್ಲಬಲ್ಲ. ಗಿರಣಿ ಹೊಳೆಯಲ್ಲಿ ಒಂದು ತಿಂಗಳಿಂದ ಯೋಸ್ಟೈನ್ ಹಿಡಿದುಕೊಂಡು ಅಭ್ಯಾಸ ಮಾಡಿಸಿದ್ದಾನೆ. ಯೋಸ್ಟೈನ್‌ಗೆ ಸ್ವಂತ ಬೂಟು ಕೂಡ ಇಲ್ಲ, ಅದಕ್ಕೇ ತನ್ನ ಹಳೆಯದನ್ನು ಕೊಟ್ಟದ್ದು.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ನಿಂಗೆ ಹೇಳಿದ್ರೆ ನೀನು ನನ್ನ ನೀರಿಗಿಳಿಯೋಕೇ ಬಿಡ್ತಿರಲಿಲ್ಲ," ಎಂದ ಐಲಿಫ್. "ಇಲ್ಲಾಂದ್ರೆ ನಾನೇ ಹಿಡ್ಕೋತೀನಿ ಅಂತ ಆ ಮುರುಕು ಸೊಂಟ ತಗೊಂಡು ಬರ್ತಿದ್ದೆ, ಇಬ್ರೂ ಒಟ್ಟಿಗೆ ಸಮುದ್ರ ಸೇರ್ತಿದ್ವಿ. ಇವನಿಗೂ ನಾನಾಗಿ ಹೇಳಿದ್ದಲ್ಲ ಮಾರಾಯ. ಬಿದ್ದದ್ದನ್ನ ಇವನು ಬೇಲಿ ಆಚೆಯಿಂದ ನೋಡ್ಬಿಟ್ಟ."

ಆಗಲೇ ಗುನ್ವೋರಳ ಜೀಪು ಬಂತು. ಅವಳು ಪದ್ಧತಿಯಂತೆ ಒಂದೊಂದೇ ಬೂಟಿನ ಚೀಟಿ ನೋಡಿದಳು. ನನ್ನದು ಸರಿ. ಯೋಸ್ಟೈನ್ ಹಾಕಿಕೊಂಡದ್ದರಲ್ಲಿ ಐಲಿಫ್‌ನ ಹೆಸರಿತ್ತು, ಅದನ್ನು ಹೊಡೆದುಹಾಕಿ ಅವನ ಹೆಸರು ಬರೆದಳು. ಐಲಿಫ್‌ನ ಬೂಟಿನ ಹತ್ತಿರ ಬಂದು ನಿಂತಳು. ಬೆರಳಿನಿಂದ ಅಡಿ ಮುಟ್ಟಿ ನೋಡಿದಳು. ಒದ್ದೆ, ಮೇಲೆ ಬೇರೆ ನೀರಿನ ಮರಳು.

"ನಾನು ಇವರನ್ನ ಕೇಳಿದ್ದೆ," ಎಂದಳು, ನನ್ನ ಕಡೆ ನೋಡಿ. "ಎರಡೇ ಅಂದ್ರು."

ಈಗ ತೊಟ್ಟಿ ತುಂಬಿಸಲಾಗದೇ ಎಂದು ಯೋಸ್ಟೈನ್ ಕೇಳಿದ. ತೊಳೆದು ಬತ್ತಿಸಿಯಾಗಿದೆ, ಔಷಧಿ ಮೇಲಿನ ಕಚೇರಿಯ ಬೀಗದಲ್ಲಿದೆ, ಸೋಮವಾರ ಬೆಳಗ್ಗೆ ಎಂಟಕ್ಕೇ ಎಂದಳು. ಯಾರೂ ವಾದ ಮಾಡಲಿಲ್ಲ. ಐಲಿಫ್‌ನ ಮುಂದೆ ಆ ನದಿಯ ಕಟ್ಟಳೆಯ ಬಗ್ಗೆ ವಾದ ಮಾಡುವ ಧೈರ್ಯ ಯಾರಿಗಿದೆ?

ಐಲಿಫ್ ಬೂಟಿನ ದಾರ ಬಿಚ್ಚತೊಡಗಿದ. ಅವನ ಮುಖದ ಮೇಲೆ ಒಂದು ಕ್ಷಣ ಕಂಡದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಮಾರ್ಚಿನಿಂದ ದಿನ ಎಣಿಸಿದ್ದ ಮನುಷ್ಯ. ಆಮೇಲೆ ಅವನು ತಲೆಯೆತ್ತಿ ನನ್ನ ಕಡೆ ನೋಡಿ ನಕ್ಕ.

"ಇರ್ಲಿ ಬಿಡು," ಎಂದ. "ಮೂವತ್ತೆರಡು ವರ್ಷ ಒಂದು ಕಾಗದ ತಪ್ಪಿಸದವನು ಒಂದು ಚೀಲ ಮರೆತ. ನಂಗೆ ಕಾಲು ಹೋಯ್ತು, ನಿಂಗೆ ತಲೆ. ಸರಿಯಾದ ಜೋಡಿ."

ಅವನು ನನ್ನನ್ನು ಬೈದಿದ್ದರೆ ನಾನು ಆ ಸುಳ್ಳನ್ನೇ ಹಿಡಿದುಕೊಂಡು ಕೂತಿರುತ್ತಿದ್ದೆನೋ ಏನೋ. ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿದ್ದು ತಡೆಯಲಾಗಲಿಲ್ಲ.

"ನಾನು ಮರೆತಿಲ್ಲ," ಎಂದೆ. "ಅದು ಯೋಸ್ಟೈನ್‌ದು ಅಂದ್ಕೊಂಡೆ. ಬೇಕು ಅಂತಲೇ ಮಳೆಯಂಗಿ ಕೆಳಗೆ ಮುಚ್ಚಿಟ್ಟೆ."

ಗುನ್ವೋರ್ ತನ್ನ ಪುಸ್ತಕ ಮುಚ್ಚಿ ಜೀಪಿನ ಕಡೆ ಹೋದಳು. ಐಲಿಫ್‌ನ ನಗು ಮುಖದ ಮೇಲೆ ಇನ್ನೂ ಹಾಗೇ ಇತ್ತು, ಆದರೆ ಅದರೊಳಗೆ ಅವನಿರಲಿಲ್ಲ.

"ಚೀಲ ಬಿಚ್ಚಿ ಬೂಟು ನೋಡಲಿಲ್ವಾ ನೀನು?" ಎಂದ.

"ನೋಡಿದೆ. ಎಡಗಾಲಿಂದು ದೊಡ್ಡದಿತ್ತು. ಅಂಗಡಿಯವನು ಡಾಕ್ಟರಿಗೆ ಟೋಪಿ ಹಾಕಿದ್ದಾನೆ ಅಂತ ಖುಷಿಪಟ್ಟೆ."

ನಕ್ಕವನು ಯೋಸ್ಟೈನ್ ಒಬ್ಬನೇ. ಜೋರಾಗಿ, ಮನಸಾರೆ ನಕ್ಕ, ಆಮೇಲೆ ತಾನೊಬ್ಬನೇ ನಗುತ್ತಿದ್ದೇನೆಂದು ತಿಳಿದು ನಿಲ್ಲಿಸಿದ. ನನ್ನ ಮೇಲೆ ಅವನಿಗೆ ಸಿಟ್ಟು ಬರಲೇ ಇಲ್ಲ. ಅದನ್ನೂ ನಾನು ಕ್ಷಮಿಸಲಾರದೆ ಹೋದೆ.

ತಾನೂ ಇಳಿಯುವುದಿಲ್ಲ ಎಂದು ಯೋಸ್ಟೈನ್ ಬೂಟು ಕಳಚಲು ಹೋದ. ಐಲಿಫ್ ಬಿಡಲಿಲ್ಲ. ಆರು ಗಂಟೆಗೆ ಮಡು ಖಾಲಿ ಬಿಡಬಾರದು, ಹೋಗು ಎಂದು ತನ್ನ ಗಾಳವನ್ನೇ ಅವನ ಕೈಗೆ ಕೊಟ್ಟ. ನಂತರ ನನ್ನ ಕಡೆ ನೋಡದೆ ಹೇಳಿದ:

"ಟೋರ್ಗ್ರಿಮ್, ಬಲೆ ತಗೊಂಡು ಅವನ ಹಿಂದೆ ನಿಂತ್ಕೊ."

ನಿಂತೆ. ನಾನು ಕೈಯಾರೆ ಹೊಡೆದ ಇಪ್ಪತ್ತೆಂಟು ಮೊಳೆಗಳ ಮೇಲೆ ಅವನು ನಿಂತಿದ್ದ. ಗಾಳದ ತುದಿಗೆ ಗರಿಯಿಂದ ಕಟ್ಟಿದ ಹುಸಿನೊಣವನ್ನು ಬಟ್ಟೆ ಒಗೆಯುವವನ ಹಾಗೆ ನೀರಿಗೆ ಬಡಿಯುತ್ತಿದ್ದ. ಅಂಥ ಎಸೆತಕ್ಕೆ ಮರ್ಯಾದಸ್ಥ ಮೀನು ಬರಬಾರದು. ನಾಲ್ಕನೆಯ ಎಸೆತಕ್ಕೆ ಬಂತು. ಒಂಬತ್ತು ಕಿಲೋ, ಬೆಳ್ಳಿಯ ಹಾಗೆ ಹೊಳೆಯುವ ಹೆಣ್ಣು ಮೀನು. ಐಲಿಫ್ ದಡದ ಬೆಂಚಿನಿಂದ ಕೋಲು ಎತ್ತು, ದಾರ ಬಿಡು, ಎಂದು ಹೇಳಿಕೊಡುತ್ತಿದ್ದ. ಮೀನು ದಣಿದು ಬಂದಾಗ ಬಲೆ ಒಡ್ಡಿದವನು ನಾನು. ಒಂದು ಬೆರಳು ಸಡಿಲಿಸಿದ್ದರೆ ಅದು ಹೋಗುತ್ತಿತ್ತು. ಸಡಿಲಿಸಲಿಲ್ಲ, ಆದರೆ ಆ ಆಸೆ ಬರಲಿಲ್ಲ ಎಂದು ಹೇಳಿದರೆ ಮತ್ತೊಂದು ಸುಳ್ಳಾಗುತ್ತದೆ.

ಭಾನುವಾರ ಐಲಿಫ್ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಮುನಿಸಿಕೊಂಡ ಹಾಗೂ ಇರಲಿಲ್ಲ. ಉಪ್ಪು ಕೊಡು, ಪತ್ರಿಕೆ ಕೊಡು, ಅಷ್ಟೇ. ನಾನೂ ನೀರಿಗಿಳಿಯಲಿಲ್ಲ. ಮಧ್ಯಾಹ್ನ ಗುಡಿಸಲಿನ ಹಿಂದಿನ ಹುಲ್ಲಿನ ಮೇಲೆ ನಾನು ಯೋಸ್ಟೈನ್‌ನನ್ನು ಕರೆದು, ನಡುಪಟ್ಟಿ ಹೇಗೆ ಹಿಡಿಯುತ್ತೀಯ ತೋರಿಸು ಎಂದೆ. ತೋರಿಸಿದ. ಬೆನ್ನಿನ ನಟ್ಟನಡುವೆ ಮುಷ್ಟಿ ಅಂಗಾತ, ಮೊಣಕೈ ತನ್ನ ಪಕ್ಕೆಗೆ ಒತ್ತಿ, ಎಡಗಾಲು ಮುಂದೆ. ಎಳೆಯಬಾರದು, ಇದ್ದೇನೆ ಎಂದು ತಿಳಿಯುವಷ್ಟು ಮಾತ್ರ. ಅವನ ಮುಷ್ಟಿ ನನ್ನ ಬೆನ್ನಿಗೆ ತಾಗಿದಾಗ ನನಗೂ ಬೀಳುವ ಭಯ ಹೋಯಿತು. ಐಲಿಫ್‌ನ ಬೆನ್ನು ಹಿಡಿದು ಹಿಡಿದು ಹದವಾದ ಕೈ ಅದು. ಆಮೇಲೆ ನಾನು ಅವನ ಪಟ್ಟಿ ಹಿಡಿದೆ, ಅವನು ಐಲಿಫ್‌ನ ಹಾಗೆ ಎಡಕ್ಕೆ ವಾಲಿದ. ನನ್ನ ಸೊಂಟ ಕಳಕ್ ಎಂದಿತು, ಇಬ್ಬರೂ ಹುಲ್ಲಿನ ಮೇಲೆ ಬಿದ್ದೆವು. ಇನ್ನೊಮ್ಮೆ ಎಂದೆ. ಇನ್ನೊಮ್ಮೆಯೂ ಬಿದ್ದೆವು. ಐದನೆಯ ಸಲಕ್ಕೆ ನಾನೇ ಸಾಕು ಎಂದೆ.

ಸೋಮವಾರ ಬೆಳಗ್ಗೆ ಏಳೂವರೆಗೆ ನಾನು ಪೆಟ್ರೋಲು ಪಂಪಿನ ಹಿಂದೆ ಬೂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಗುನ್ವೋರ್ ಎಂಟಕ್ಕೆ ಬಂದು ಅದ್ದಿ ಚೀಟಿ ಕಟ್ಟಿದಳು. ಕಾಯುವ ಹೊತ್ತಿನಲ್ಲಿ ರಟ್ಟಿನ ತುಂಡೊಂದರ ಮೇಲೆ ಐಲಿಫ್‌ನ ಪೂರ್ತಿ ಹೆಸರು, ಬೀದಿ, ಮನೆ ನಂಬರು, ಹಾಮಾರ್‌ನ ಅಂಚೆ ಸಂಖ್ಯೆ ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದು ಚೀಲದ ಹಿಡಿಕೆಗೆ ಕಟ್ಟಿದೆ.

ಆ ಸಂಜೆ ಆರಕ್ಕೆ ಮೂವರೂ ದಡಕ್ಕೆ ಹೋದೆವು. ಐಲಿಫ್ ಬೂಟಿನ ದಾರ ಬಿಗಿದುಕೊಂಡು ನಮ್ಮಿಬ್ಬರನ್ನೂ ನೋಡಿದ. ಯಾರು ಹಿಡಿಯುವುದು ಎಂದು ಅವನು ಬಾಯಿಬಿಟ್ಟು ಕೇಳಲಿಲ್ಲ, ನನಗೆ ಬಿಟ್ಟ. ಯೋಸ್ಟೈನ್ ಒಂದು ಹೆಜ್ಜೆ ಹಿಂದಕ್ಕೆ ಸರಿದು ಜಾಗ ಮಾಡಿಕೊಟ್ಟ.

"ನೀನೇ ಹಿಡ್ಕೊ," ಎಂದು ಯೋಸ್ಟೈನ್‌ಗೆ ಹೇಳಿದೆ. "ನನ್ನ ಕೈಲಾಗಲ್ಲ."

ಆ ಮಾತು ಹೊರಗೆ ಬರುವಾಗ ಹಲ್ಲು ಕಿತ್ತ ಹಾಗಾಯಿತು, ಹಲ್ಲಿನ ಡಾಕ್ಟರೇ ಎದುರಿಗಿದ್ದ. ಅವರಿಬ್ಬರೂ ಒಂದೇ ಮೈಯ ಹಾಗೆ ನೀರಿಗಿಳಿದರು. ಐಲಿಫ್ ಎಡಗಾಲು ಇಡುವ ಮೊದಲೇ ಯೋಸ್ಟೈನ್‌ನ ತೋಳಿಗೆ ಅದು ಗೊತ್ತಾಗುತ್ತಿತ್ತು. ನೀರು ತೊಡೆಗೆ ಬಂತು, ನಡುವಿಗೆ ಬಂತು. ನಾನು ನಾಲ್ಕು ಹೆಜ್ಜೆ ಹಿಂದೆ, ಮೊಣಕಾಲು ನೀರಿನಲ್ಲಿ, ಬಲೆ ಹಿಡಿದು ನಿಂತೆ. ಹೊಟ್ಟೆಯೊಳಗಿನ ಕಿಚ್ಚು ಹಾಗೇ ಇತ್ತು. ಅದು ಹೋಗುತ್ತದೆಂದು ನಾನು ಅಂದುಕೊಂಡಿದ್ದೆ, ಹೋಗಿರಲಿಲ್ಲ.

ಮೂರನೆಯ ಸುತ್ತಿನಲ್ಲಿ ಐಲಿಫ್‌ನ ದಾರ ಬಿಗಿಯಿತು. ಸಣ್ಣ ಮೀನು, ನಾಲ್ಕು ಕಿಲೋ ಇರಬಹುದು. ಅವನು ಎಂದಿನ ಹಾಗೆ ನಿಧಾನವಾಗಿ ಆಡಿಸಿದ. ಮೀನು ಪಕ್ಕಕ್ಕೆ ವಾಲಿ ಹತ್ತಿರ ಬಂದಾಗ ಅವನ ಎಡಗೈ ಹಿಂದಕ್ಕೆ ಬಂತು. ಅರ್ಧಕ್ಕೆ ನಿಂತಿತು.

ಆಮೇಲೆ ಅವನು ತಿರುಗಿ ನೋಡಿದ.

ನಾನು ಅಲ್ಲೇ ಇದ್ದೆ. ಹತ್ತೊಂಬತ್ತು ವರ್ಷ ಇದ್ದಲ್ಲೇ ಇದ್ದೆ. ಆದರೂ ಅವನು ತಿರುಗಿ ನೋಡಿದ, ಇದ್ದಾನೋ ಇಲ್ಲವೋ ಎಂದು. ನಾನು ಬಲೆಯನ್ನು ಎತ್ತಿ ತೋರಿಸಿ, ಹಿಡಿಯನ್ನು ಅವನ ಕೈಗೆ ಕೊಟ್ಟೆ.